ಮೂತಿಯ ಮೇಲಿನ ಹುಡುಗಿ: ‘ಮೆಂಫಿಸ್ ಬೆಲ್’ ಯಾಕೆ ಉಳಿಯಿತು?

ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಅಮೆರಿಕ 12,731 ಬಿ-17 ಬಾಂಬರ್‌ಗಳನ್ನು ಕಟ್ಟಿತ್ತು. ಇವತ್ತು ಇಡಿಯಾಗಿ ಉಳಿದಿರುವವು ಐವತ್ತೂ ಇಲ್ಲ. ಅವುಗಳಲ್ಲಿ ನಿಜವಾಗಿ ಯುದ್ಧಕ್ಕೆ ಹೋಗಿ ಬಂದವು ಬೆರಳೆಣಿಕೆಯಷ್ಟು. ಅಂಥ ಒಂದು ವಿಮಾನ ಒಹಾಯೊ ರಾಜ್ಯದ ಡೇಟನ್‌ನಲ್ಲಿ, ಅಮೆರಿಕ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಅದರ ಸರಣಿ ಸಂಖ್ಯೆ 41-24485. ಈ ಸಂಖ್ಯೆ ಹೇಳಿದರೆ ಹೆಚ್ಚಿನವರಿಗೆ ಏನೂ ಹೊಳೆಯುವುದಿಲ್ಲ. ‘ಮೆಂಫಿಸ್ ಬೆಲ್’ ಅಂದರೆ ಸಾಕು, ಯುದ್ಧವಿಮಾನಗಳ ಬಗ್ಗೆ ಸ್ವಲ್ಪ ಆಸಕ್ತಿ ಇರುವವರಿಗೂ ಮೂತಿಯ ಮೇಲಿನ ಹುಡುಗಿ ಕಣ್ಣ ಮುಂದೆ ಬರುತ್ತಾಳೆ.

ಈ ವಿಮಾನವನ್ನು ಒಂದು ಪ್ರಕರಣವಾಗಿ ಎತ್ತಿಕೊಳ್ಳಲು ನನಗೆ ಕಾರಣವಿದೆ. 25 ದಾಳಿಗಳನ್ನು ಮುಗಿಸಿದ ಮೊದಲ ಬಾಂಬರ್ ಇದಲ್ಲ. ಅತಿ ಹೆಚ್ಚು ಹಾರಿದ್ದೂ ಇದಲ್ಲ. ಇದಕ್ಕಿಂತ ದೊಡ್ಡ ದಾಖಲೆ ಇದ್ದ ವಿಮಾನಗಳು ಗುಜರಿಗೆ ಹೋಗಿ ಕರಗಿದವು. ಇದು ಮಾತ್ರ ಉಳಿಯಿತು. ಅದಕ್ಕೆ ಬಹುಪಾಲು ಕಾರಣ ಮೂತಿಯ ಮೇಲೆ ಬರೆದ ಒಂದು ಚಿತ್ರ ಮತ್ತು ಅದರ ಪಕ್ಕದ ಎರಡು ಪದ ಅನ್ನುವುದು ನನ್ನ ವಾದ. ಬಾಂಬರ್‌ಗಳ ಮೂತಿಯ ಮೇಲಿನ ಚಿತ್ರ, ಅಂದರೆ ‘ನೋಸ್ ಆರ್ಟ್’, ಸುಮ್ನೆ ಪಡ್ಡೆ ಹುಡುಗರ ಗೀಚಾಟ ಎಂದು ತಳ್ಳಿಹಾಕುವವರು ಜಾಸ್ತಿ. ಈ ಒಂದು ಚಿತ್ರ ಏನೇನು ಮಾಡಿತು ಎಂದು ನೋಡಿದರೆ ಹಾಗೆ ತಳ್ಳಿಹಾಕುವುದು ಕಷ್ಟ.

25 ಅನ್ನುವ ಸಂಖ್ಯೆ

ಚಿತ್ರಕ್ಕೆ ಬರುವ ಮೊದಲು ಅದರ ಹಿಂದೆ ಕುಳಿತವರ ಪರಿಸ್ಥಿತಿ ಗೊತ್ತಾಗಬೇಕು. ಬಿ-17ರಲ್ಲಿ ಹತ್ತು ಜನ. ಇಬ್ಬರು ಪೈಲಟ್‌ಗಳು, ದಾರಿ ತೋರುವ ನ್ಯಾವಿಗೇಟರ್, ಬಾಂಬ್ ಬಿಡುವವನು, ರೇಡಿಯೊದವನು, ಎಂಜಿನಿಯರ್, ಉಳಿದವರು ಗನ್ನರ್‌ಗಳು. ಎಂಜಿನಿಯರ್ ಕೂಡ ವಿಮಾನದ ಬೆನ್ನಿನ ಮೇಲಿನ ತಿರುಗುವ ಗನ್ ಗೋಪುರದಲ್ಲಿ ಗನ್ ಹಿಡಿಯುತ್ತಿದ್ದ. ವಿಮಾನದ ಒಳಗೆ ಹೊರಗಿನ ಗಾಳಿಯೇ ನುಗ್ಗುತ್ತಿತ್ತು. 25,000 ಅಡಿ ಎತ್ತರದಲ್ಲಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿ. ಆಕ್ಸಿಜನ್ ಮಾಸ್ಕ್ ಕಳಚಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತಿತ್ತು. ಗ್ಲೌಸ್ ತೆಗೆದು ಗನ್ ಮುಟ್ಟಿದರೆ ಚರ್ಮ ಲೋಹಕ್ಕೆ ಅಂಟಿ ಕಿತ್ತು ಬರುತ್ತಿತ್ತು. ವಿಮಾನದ ಹೊಟ್ಟೆಯಡಿಯ ಗುಂಡನೆಯ ಗನ್ ಗೋಪುರದಲ್ಲಿ ಒಬ್ಬ ಮೊಣಕಾಲು ಮಡಚಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದ.

25 ದಾಳಿ ಮುಗಿಸಿದರೆ ಮನೆಗೆ ಹೋಗಬಹುದು ಎಂಬುದು ಆಗಿನ ನಿಯಮ. ಕೇಳಲು ಸುಲಭ. ಲೆಕ್ಕ ಹಾಕಿ ನೋಡಿ. ಒಂದೊಂದು ದಾಳಿಯಲ್ಲಿ 100ಕ್ಕೆ 5 ವಿಮಾನ ಬೀಳುತ್ತವೆ ಎಂದುಕೊಳ್ಳೋಣ. ಹೊರಟ 100ರಲ್ಲಿ 25 ದಾಳಿ ದಾಟಿ ಬರುವವು 28ಕ್ಕಿಂತ ಕಡಿಮೆ. ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೇ ವಾಯುಪಡೆ ಯುದ್ಧದಲ್ಲಿ 26,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಮೆಂಫಿಸ್ ಬೆಲ್ ಇದ್ದದ್ದು 91ನೇ ಬಾಂಬರ್ ಗ್ರೂಪ್‌ನಲ್ಲಿ. ಕೇಂಬ್ರಿಜ್ ಹತ್ತಿರದ ಬ್ಯಾಸಿಂಗ್‌ಬೋರ್ನ್ ಅದರ ನೆಲೆ. ಎಂಟನೇ ವಾಯುಪಡೆಯ ಭಾರಿ ಬಾಂಬರ್ ಗ್ರೂಪ್‌ಗಳಲ್ಲಿ ಅತಿ ಹೆಚ್ಚು ವಿಮಾನ ಕಳೆದುಕೊಂಡದ್ದು ಇದೇ ಗ್ರೂಪ್.

ಇಂಥ ಕಡೆ ವಿಮಾನಕ್ಕೆ ಒಂದು ಹೆಸರು, ಒಂದು ಮುಖ ಬೇಕು ಅನ್ನಿಸುವುದು ಸಹಜ ಅಲ್ವಾ? ಸೈನ್ಯ ಕೊಟ್ಟದ್ದು ಒಂದು ನಂಬರ್ ಮತ್ತು ಮಂಕು ಹಸಿರು ಬಣ್ಣ. ಆ ಹಸಿರು ಬಳಿದದ್ದೇ ವಿಮಾನ ಯಾರ ಕಣ್ಣಿಗೂ ಬೀಳದಿರಲಿ ಎಂದು. ಹುಡುಗರು ಅದೇ ಹಸಿರಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ತಮಗೆ ಬೇಕಾದ್ದನ್ನು ಬರೆಸಿಕೊಂಡರು. ಮೇಲಧಿಕಾರಿಗಳು ಹೆಚ್ಚಾಗಿ ನೋಡಿಯೂ ನೋಡದಂತೆ ಇದ್ದರು. ನಾಳೆ ಬೆಳಿಗ್ಗೆ ಜರ್ಮನಿಯ ಮೇಲೆ ಹಾರಬೇಕಾದವನಿಗೆ ‘ಆ ಚಿತ್ರ ಅಳಿಸು’ ಎಂದು ಹೇಳಲು ಯಾರಿಗೂ ಮನಸ್ಸು ಬರಲಿಲ್ಲ.

ಹೆಸರು ಒಬ್ಬಳದ್ದು, ರೂಪ ಇನ್ನೊಬ್ಬಳದ್ದು

ಪೈಲಟ್ ರಾಬರ್ಟ್ ಮಾರ್ಗನ್ ನಾರ್ತ್ ಕೆರೊಲಿನಾದ ಆಶ್‌ವಿಲ್ ಊರಿನವರು. ಇಂಗ್ಲೆಂಡಿಗೆ ಹೊರಟಾಗ 24 ವರ್ಷ. ವಾಷಿಂಗ್ಟನ್ ರಾಜ್ಯದ ವಾಲಾ ವಾಲಾದಲ್ಲಿ ತರಬೇತಿ ನಡೆಯುತ್ತಿದ್ದಾಗ ಅವರಿಗೆ ಮಾರ್ಗರೆಟ್ ಪೋಕ್ ಪರಿಚಯವಾಯಿತು. ಟೆನೆಸ್ಸಿಯ ಮೆಂಫಿಸ್ ನಗರದ ಹುಡುಗಿ. ಅಲ್ಲಿದ್ದ ಸೋದರಿಯನ್ನು ನೋಡಲು ಬಂದಿದ್ದರು. ಪರಿಚಯ ಪ್ರೀತಿಯಾಯಿತು, ನಿಶ್ಚಿತಾರ್ಥವೂ ಆಯಿತು.

ವಿಮಾನಕ್ಕೆ ‘ಲಿಟ್ಲ್ ಒನ್’ ಎಂದು ಹೆಸರಿಡಬೇಕು ಎನ್ನುವುದು ಮಾರ್ಗನ್ ಅವರ ಮೊದಲ ಯೋಚನೆ. ಮಾರ್ಗರೆಟ್‌ಗೆ ಅವರು ಇಟ್ಟಿದ್ದ ಮುದ್ದಿನ ಹೆಸರು ಅದು. ಆಮೇಲೆ ಅವರೂ ಸಹಪೈಲಟ್ ಜಿಮ್ ವೆರಿನಿಸ್ ಅವರೂ ಒಂದು ಸಿನಿಮಾ ನೋಡಿದರು. ಅದರಲ್ಲಿ ‘ಮೆಂಫಿಸ್ ಬೆಲ್’ ಎಂಬ ಹೆಸರಿನ ಒಂದು ನದಿದೋಣಿ ಬರುತ್ತದೆ. ಮೆಂಫಿಸ್‌ನ ಚೆಲುವೆ. ಮಾರ್ಗರೆಟ್‌ಗೆ ಸರಿಯಾಗಿ ಒಪ್ಪುವ ಹೆಸರು. ಮಾರ್ಗನ್ ಹೇಳಿದರು, ತಂಡ ಒಪ್ಪಿತು. ಈ ಒಪ್ಪಿಗೆಯನ್ನು ಸಣ್ಣದೆಂದು ಬಿಡಬೇಡಿ. ಲಿಟ್ಲ್ ಒನ್ ಅಂತಲೇ ಇದ್ದಿದ್ದರೆ ಈ ಕತೆ ಇಲ್ಲಿಯವರೆಗೆ ಬರುತ್ತಿತ್ತೇ ಎಂಬುದು ನನಗೆ ಅನುಮಾನ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಹೆಸರಾಯಿತು, ಚಿತ್ರ ಬೇಕು. ಆ ಕಾಲದಲ್ಲಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಜಾರ್ಜ್ ಪೆಟ್ಟಿ ಎಂಬ ಕಲಾವಿದ ಏರ್‌ಬ್ರಷ್‌ನಿಂದ ಬರೆಯುತ್ತಿದ್ದ ಹುಡುಗಿಯರ ಚಿತ್ರಗಳು ಮನೆಮಾತಾಗಿದ್ದವು. ‘ಪೆಟ್ಟಿ ಗರ್ಲ್’ ಅಂದರೆ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಉದ್ದನೆಯ ಕಾಲು, ಮೈಗೆ ಅಂಟಿದ ಉಡುಪು, ಕೈಯಲ್ಲಿ ಹೆಚ್ಚಾಗಿ ಒಂದು ಟೆಲಿಫೋನ್. ಮಾರ್ಗನ್ ಸೀದಾ ಪತ್ರಿಕೆಯ ಕಚೇರಿಯ ಮೂಲಕ ಪೆಟ್ಟಿಯವರನ್ನೇ ಸಂಪರ್ಕಿಸಿ, ನನ್ನ ವಿಮಾನಕ್ಕೆ ಒಂದು ಚಿತ್ರ ಬೇಕು ಎಂದು ಕೇಳಿದರು. ಪೆಟ್ಟಿ ಕೊಟ್ಟದ್ದು 1941ರ ಏಪ್ರಿಲ್ ಸಂಚಿಕೆಯಲ್ಲಿ ಬಂದಿದ್ದ ಚಿತ್ರ.

ಹಾಗಾಗಿ ಮೂತಿಯ ಮೇಲಿರುವುದು ಮಾರ್ಗರೆಟ್ ಪೋಕ್ ಅಲ್ಲ. ಹೆಸರು ಅವರದ್ದು, ರೂಪ ಒಬ್ಬ ಪತ್ರಿಕಾ ಕಲಾವಿದನ ಕಲ್ಪನೆಯದ್ದು. ಮಾರ್ಗರೆಟ್ ಅವರ ಭಾವಚಿತ್ರ ವಿಮಾನದ ಮೇಲೆ ಎಂದೂ ಇರಲಿಲ್ಲ. ಆದರೂ ಮುಂದೆ ಜೀವನವಿಡೀ ಜನ ಅವರನ್ನು ‘ಬೆಲ್’ ಎಂದೇ ಕರೆದರು. ಒಂದು ಕಡೆ ಎಲ್ಲರೂ ನೋಡಿದ, ಯಾರಿಗೂ ಸೇರದ ಒಂದು ಮೈ. ಇನ್ನೊಂದು ಕಡೆ ಆ ಮೈಯ ಹೆಸರು ಹೊತ್ತು ಬದುಕಿದ ಒಬ್ಬ ನಿಜವಾದ ಹೆಂಗಸು. ನೋಸ್ ಆರ್ಟ್ ಬಗ್ಗೆ ಬರೆಯುವವರು ಚಿತ್ರದ ಹುಡುಗಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಹೆಸರಿನ ಹುಡುಗಿಯ ಬಗ್ಗೆ ಎರಡು ಸಾಲು. ನನಗೆ ಎರಡನೆಯವರ ಬಗ್ಗೆಯೇ ಜಾಸ್ತಿ ಕಾಳಜಿ.

ಕಾರ್ಪೊರಲ್ ಸ್ಟಾರ್ಸರ್

ಪತ್ರಿಕೆಯ ಹಾಳೆಯಲ್ಲಿದ್ದ ಹುಡುಗಿಯನ್ನು ವಿಮಾನದ ಮೇಲೆ ತಂದವರು ಕಾರ್ಪೊರಲ್ ಟೋನಿ ಸ್ಟಾರ್ಸರ್. 91ನೇ ಗ್ರೂಪ್‌ನ ನೆಲದ ಸಿಬ್ಬಂದಿಯಲ್ಲಿ ಒಬ್ಬರು. ಬ್ಯಾಸಿಂಗ್‌ಬೋರ್ನ್‌ನಲ್ಲಿ ನೂರಕ್ಕೂ ಹೆಚ್ಚು ವಿಮಾನಗಳ ಮೂತಿಗೆ ಚಿತ್ರ ಬರೆದರು. ‘ಶೂ ಶೂ ಬೇಬಿ’, ‘ನೈನ್-ಓ-ನೈನ್’, ‘ಜನರಲ್ ಐಕ್’ ಕೂಡ ಅವರದ್ದೇ ಕೆಲಸ.

ಕೆಲಸ ಹೇಗಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಮೂಲ ಚಿತ್ರ ಪತ್ರಿಕೆಯ ಅಳತೆಯದ್ದು. ಅದನ್ನು ಹತ್ತಾರು ಪಟ್ಟು ಹಿಗ್ಗಿಸಬೇಕು. ಬರೆಯುವ ಜಾಗ ಸಪಾಟಾಗಿಲ್ಲ. ಬಿ-17ರ ಮೂತಿ ಎರಡು ದಿಕ್ಕಿಗೂ ಬಾಗುತ್ತದೆ. ಹಾಳೆಯಲ್ಲಿ ಸರಿಯಾಗಿ ಕಂಡ ಕಾಲು ವಿಮಾನದ ಮೇಲೆ ಸೊಟ್ಟಗೆ ಕಾಣಬಹುದು. ಅಲ್ಯೂಮಿನಿಯಂ ತಗಡುಗಳ ಅಂಚು, ರಿವೆಟ್ ಸಾಲುಗಳು ಚಿತ್ರದ ಅಡಿಯಲ್ಲಿ ಹಾದು ಹೋಗುತ್ತವೆ. ಕೆಳಗೆ ಹಸಿರು ಬಣ್ಣ ಇರುವುದರಿಂದ ಮೈಬಣ್ಣ ಮಂಕಾಗದಂತೆ ನೋಡಿಕೊಳ್ಳಬೇಕು. ಇದೆಲ್ಲ ಇಂಗ್ಲೆಂಡಿನ ಹವೆಯಲ್ಲಿ, ಮುಂದಿನ ದಾಳಿಗೆ ವಿಮಾನ ಹೊರಡುವ ಮುಂಚೆ ಮುಗಿಯಬೇಕು.

ಸ್ಟಾರ್ಸರ್ ಬೆಲ್‌ನ ಎರಡೂ ಬದಿಗೆ ಒಂದೇ ಹುಡುಗಿಯನ್ನು ಬರೆದರು. ಎಡಬದಿಯಲ್ಲಿ ಅವಳ ಉಡುಪು ನೀಲಿ, ಬಲಬದಿಯಲ್ಲಿ ಕೆಂಪು. ಹಳೆಯ ಕಪ್ಪುಬಿಳುಪು ಫೋಟೊಗಳಲ್ಲಿ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಒಂದೊಂದು ದಾಳಿ ಮುಗಿದ ಹಾಗೆ ಪಕ್ಕದಲ್ಲಿ ಒಂದೊಂದು ಪುಟ್ಟ ಬಾಂಬ್ ಗುರುತು ಸೇರಿತು. ಬೀಳಿಸಿದ್ದೇವೆ ಎಂದು ತಂಡ ಹೇಳಿಕೊಂಡ ಜರ್ಮನ್ ವಿಮಾನಗಳಿಗೆ ಎಂಟು ಸ್ವಸ್ತಿಕ ಗುರುತು. ಈ ಎಂಟನ್ನು ಹಾಗೇ ನಂಬಬೇಕಿಲ್ಲ. ಒಂದೇ ಫೈಟರ್ ಮೇಲೆ ಹತ್ತಾರು ಬಾಂಬರ್‌ಗಳ ಗನ್ನರ್‌ಗಳು ಒಟ್ಟಿಗೆ ಗುಂಡು ಹಾರಿಸುತ್ತಿದ್ದರು. ಅದು ಬಿದ್ದರೆ ಪ್ರತಿಯೊಬ್ಬನಿಗೂ ‘ನಾನೇ ಹೊಡೆದೆ’ ಅನ್ನಿಸುತ್ತಿತ್ತು. ಬಾಂಬರ್‌ಗಳ ಇಂಥ ಲೆಕ್ಕ ಯುದ್ಧದುದ್ದಕ್ಕೂ ಉಬ್ಬಿಯೇ ಇತ್ತು. ಬಾಂಬ್ ಗುರುತುಗಳ ಲೆಕ್ಕ ಮಾತ್ರ ಗಟ್ಟಿ. ಹೋದ ದಾಳಿ, ಬಂದ ದಾಳಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಯುದ್ಧದ ತಿಂಗಳುಗಳಲ್ಲಿ ಬೆಲ್‌ನ ಎಂಜಿನ್‌ಗಳು ಮತ್ತೆ ಮತ್ತೆ ಬದಲಾದವು. ರೆಕ್ಕೆ, ಬಾಲದ ಭಾಗಗಳು ಗುಂಡು ತಿಂದು ಬದಲಾದವು. ಈ ಕೆಲಸ ಮಾಡಿದವರು ಕ್ರೂ ಚೀಫ್ ಜೋ ಜಿಯಾಂಬ್ರೋನ್ ಮತ್ತು ಅವರ ಜೊತೆಯ ಮೆಕ್ಯಾನಿಕ್‌ಗಳು. ರಾತ್ರಿಯಿಡೀ ತೆರೆದ ಬಯಲಲ್ಲಿ ನಿಂತು ಕೆಲಸ ಮಾಡಿ, ಬೆಳಿಗ್ಗೆ ವಿಮಾನವನ್ನು ಹತ್ತು ಜನರ ಕೈಗೆ ಒಪ್ಪಿಸುತ್ತಿದ್ದರು. ಆಮೇಲೆ ಸಂಜೆಯವರೆಗೆ ಆಕಾಶ ನೋಡುವುದು. ಲೋಹ ಬದಲಾಗುತ್ತಲೇ ಇತ್ತು, ಮೂತಿ ಮಾತ್ರ ಅದೇ. ‘ನಮ್ಮ ವಿಮಾನ’ ಎಂದು ಎಲ್ಲರೂ ಗುರುತಿಸುತ್ತಿದ್ದದ್ದು ಆ ಚಿತ್ರದಿಂದಲೇ.

ಮೇ 1943

ಬೆಲ್‌ನ ಮೊದಲ ದಾಳಿ 1942ರ ನವೆಂಬರ್ 7ರಂದು, ಫ್ರಾನ್ಸಿನ ಬ್ರೆಸ್ಟ್ ಬಂದರಿನ ಮೇಲೆ. ಮಾರ್ಗನ್ ಮತ್ತು ತಂಡ 25ನೇ ದಾಳಿ ಮುಗಿಸಿದ್ದು 1943ರ ಮೇ 17ರಂದು. ಅವತ್ತಿನ ಗುರಿ ಲೋರಿಯಾಂನ ಜರ್ಮನ್ ಸಬ್‌ಮರೀನ್ ನೆಲೆ. ಲೋರಿಯಾಂ ಊರು ಅಷ್ಟರಲ್ಲೇ, ಅದೇ ವರ್ಷದ ಜನವರಿ-ಫೆಬ್ರವರಿಯಲ್ಲಿ, ಬ್ರಿಟಿಷ್ ದಾಳಿಗಳಿಗೆ ಸಿಕ್ಕಿ ಬಹುಪಾಲು ಸುಟ್ಟುಹೋಗಿತ್ತು. ದಪ್ಪ ಕಾಂಕ್ರೀಟಿನ ಸಬ್‌ಮರೀನ್ ಕೊಟ್ಟಿಗೆಗಳು ಹಾಗೇ ನಿಂತಿದ್ದವು, ಇವತ್ತಿಗೂ ನಿಂತಿವೆ. ಮೂತಿಯ ಮೇಲಿನ ಒಂದೊಂದು ಬಾಂಬ್ ಗುರುತಿನ ಕೆಳಗೆ ಇಂಥ ಒಂದೊಂದು ಊರಿದೆ.

ವಿಮಾನದ ಲೆಕ್ಕ ತಂಡದ ಲೆಕ್ಕಕ್ಕೆ ಹೊಂದುವುದಿಲ್ಲ. ಮಾರ್ಗನ್ ತಂಡ ಕೆಲವು ಸಲ ಬೇರೆ ವಿಮಾನದಲ್ಲಿ ಹಾರಿತ್ತು. ಬೆಲ್ ಅನ್ನು ಕೆಲವು ಸಲ ಬೇರೆ ತಂಡ ಹಾರಿಸಿತ್ತು. ವಿಮಾನದ 25ನೇ ದಾಳಿ ನಡೆದದ್ದು ಎರಡು ದಿನ ಬಿಟ್ಟು, ಮೇ 19ರಂದು, ಜರ್ಮನಿಯ ಕೀಲ್ ಮೇಲೆ. ಅವತ್ತು ಹಾರಿಸಿದ್ದು ಬೇರೆಯವರು. ಮೂತಿಯ 25 ಗುರುತುಗಳಲ್ಲಿ ಕೆಲವು ಅವರ ಪ್ರಾಣದ ಲೆಕ್ಕ. ಸುದ್ದಿಯಲ್ಲಿ ಅವರ ಹೆಸರು ಬರಲಿಲ್ಲ. ಮುಂದೆ ಪ್ರಸಿದ್ಧವಾದ ಹತ್ತು ಜನರ ಪಟ್ಟಿಯಲ್ಲೂ ಒಂದಿಷ್ಟು ಹೊಂದಾಣಿಕೆ ಇದೆ. ಜಿಮ್ ವೆರಿನಿಸ್ ಅಷ್ಟರಲ್ಲಾಗಲೇ ‘ಕನೆಕ್ಟಿಕಟ್ ಯಾಂಕೀ’ ಎಂಬ ತಮ್ಮದೇ ವಿಮಾನದ ಪೈಲಟ್ ಆಗಿದ್ದರು. ಅಮೆರಿಕಕ್ಕೆ ಹೋಗುವಾಗ ಮತ್ತೆ ಬೆಲ್‌ನ ಸಹಪೈಲಟ್ ಆಗಿ ಬಂದರು. ಜೊತೆಗೆ ‘ಸ್ಟೂಕಾ’ ಎಂಬ ಅವರ ಸ್ಕಾಟಿಷ್ ಟೆರಿಯರ್ ನಾಯಿಯೂ ಬಂತು.

ಈಗ ಮೊದಲನೆಯದು ಯಾವುದು ಎಂಬ ಪ್ರಶ್ನೆ. 303ನೇ ಗ್ರೂಪ್‌ನ ‘ಹೆಲ್ಸ್ ಏಂಜೆಲ್ಸ್’ ಎಂಬ ಬಿ-17 ಮೇ 13ಕ್ಕೇ 25 ದಾಳಿ ಮುಗಿಸಿತ್ತು. ಬೆಲ್‌ಗಿಂತ ಮುಂಚೆ. ಅದು ಅಲ್ಲಿಗೆ ನಿಲ್ಲಲೂ ಇಲ್ಲ. 48 ದಾಳಿಗೆ ಹೋಗಿ, 1944ರ ಆರಂಭದಲ್ಲಿ ಅಮೆರಿಕಕ್ಕೆ ಮರಳಿತು. ಬಿ-24 ಜಾತಿಯ ‘ಹಾಟ್ ಸ್ಟಫ್’ ಇವೆರಡಕ್ಕಿಂತ ಮೊದಲೇ 25 ದಾಟಿತ್ತು. ಅದು ಮನೆಗೆ ಹೊರಟಾಗ, 1943ರ ಮೇ 3ರಂದು, ಐಸ್‌ಲ್ಯಾಂಡಿನಲ್ಲಿ ಬೆಟ್ಟಕ್ಕೆ ಬಡಿದು ನಾಶವಾಯಿತು. ಅದರಲ್ಲಿದ್ದ ಲೆಫ್ಟಿನೆಂಟ್ ಜನರಲ್ ಫ್ರಾಂಕ್ ಆಂಡ್ರ್ಯೂಸ್ ಕೂಡ ಸತ್ತರು.

ಹಾಗಿದ್ದರೆ ಬೆಲ್ ಯಾಕೆ? ಒಂದು ಕಾರಣ ಕ್ಯಾಮೆರಾ. ಹಾಲಿವುಡ್ ನಿರ್ದೇಶಕ ವಿಲಿಯಂ ವೈಲರ್ ವಾಯುಪಡೆಗಾಗಿ ಬಾಂಬರ್‌ಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಬ್ಯಾಸಿಂಗ್‌ಬೋರ್ನ್‌ಗೆ ಬಂದಿದ್ದರು. 16 ಎಂಎಂ ಬಣ್ಣದ ಫಿಲ್ಮ್ ಹಿಡಿದು ತಾವೂ ದಾಳಿಗಳಲ್ಲಿ ಹಾರಿದರು. ಅವರ ತಂಡದ ಹೆರಾಲ್ಡ್ ಟಾನೆನ್‌ಬಾಮ್ ಇದೇ ಕೆಲಸದಲ್ಲಿ, ವಿಮಾನ ಉರುಳಿ ಸತ್ತರು. 1944ರಲ್ಲಿ ಬಿಡುಗಡೆಯಾದ ಆ ಚಿತ್ರದ ನಡುಮಧ್ಯೆ ಬೆಲ್ ಇತ್ತು. ಇನ್ನೊಂದು ಕಾರಣ ಮೂತಿ. ಊರೂರು ಸುತ್ತಿಸಿ ತೋರಿಸಬೇಕಾದ ವಿಮಾನಕ್ಕೆ ಒಂದು ಕತೆ ಬೇಕಿತ್ತು. ಒಬ್ಬ ಪೈಲಟ್, ಊರಲ್ಲಿ ಕಾಯುವ ಹುಡುಗಿ, ಅವಳ ಹೆಸರಿನ ವಿಮಾನ. ಕತೆ ಮೂತಿಯ ಮೇಲೆ ಬರೆದೇ ಇತ್ತು. ‘ನರಕದ ದೇವತೆಗಳು’ ಎಂಬ ಹೆಸರಿಗೆ ಅಂಥ ಸೌಕರ್ಯ ಇರಲಿಲ್ಲ.

ಮೂತಿಯ ಬರಹ ತಿರುಗಿ ಹೊಡೆದದ್ದೂ ಉಂಟು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರೆಮೆನ್ ದಾಳಿಯಲ್ಲಿ ಸೆರೆಸಿಕ್ಕ ಒಬ್ಬ ಅಮೆರಿಕನ್ ಬಾಂಬಾರ್ಡಿಯರ್ (ಬಾಂಬ್ ಬಿಡುವವನು) ತೊಟ್ಟಿದ್ದ ಜಾಕೆಟ್ ಬೆನ್ನಿನ ಮೇಲೆ ‘ಮರ್ಡರ್ ಇಂಕ್’ ಎಂದಿತ್ತು. ಅವನು ಮೊದಲು ಹಾರಿದ್ದ ವಿಮಾನದ ಹೆಸರು ಅದು. ಜರ್ಮನ್ ಪತ್ರಿಕೆಗಳು ಆ ಬೆನ್ನಿನ ಫೋಟೊ ಹಾಕಿ, ‘ನೋಡಿ, ಕೊಲೆಗಡುಕರು ಎಂದು ಅವರೇ ಬರೆದುಕೊಂಡಿದ್ದಾರೆ’ ಎಂಬಂತೆ ಪ್ರಚಾರ ಮಾಡಿದವು. ಆಮೇಲೆ ಅಮೆರಿಕದ ಅಧಿಕಾರಿಗಳು ಹೆಸರುಗಳ ಮೇಲೆ ಒಂದು ಕಣ್ಣಿಟ್ಟರು.

ಪ್ರೀತಿಯ ಕತೆ ಸರ್ಕಾರದ ಕೈಗೆ

ಮೇ 26ರಂದು ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಮತ್ತು ರಾಣಿ ಎಲಿಜಬೆತ್ ಬ್ಯಾಸಿಂಗ್‌ಬೋರ್ನ್‌ಗೆ ಬಂದು ತಂಡವನ್ನು ಭೇಟಿಯಾದರು. ಜೂನ್‌ನಲ್ಲಿ ಬೆಲ್ ಅಮೆರಿಕಕ್ಕೆ ಹಾರಿತು. 25 ದಾಳಿ ಮುಗಿಸಿ ತಾಯ್ನಾಡಿಗೆ ವಾಪಸ್ಸಾದ ಮೊದಲ ಭಾರಿ ಬಾಂಬರ್ ಎಂಬ ಹೆಗ್ಗಳಿಕೆ ಅದಕ್ಕೆ ಸಿಕ್ಕಿದ್ದು ಹೀಗೆ. ಆಮೇಲೆ ಊರಿಂದೂರಿಗೆ ಪ್ರವಾಸ. ಯುದ್ಧದ ಖರ್ಚಿಗೆ ಸರ್ಕಾರ ಜನರಿಂದ ಸಾಲ ಎತ್ತುವ ಯುದ್ಧ ಬಾಂಡ್‌ಗಳನ್ನು ಮಾರಿಸುವುದು, ಕಾರ್ಖಾನೆಯ ಕೆಲಸಗಾರರಿಗೆ ಹುರುಪು ತುಂಬುವುದು ಉದ್ದೇಶ. ಕಿಟಕಿಗಳ ಕೆಳಗೆ ಸಿಬ್ಬಂದಿಯ ಹೆಸರುಗಳನ್ನು ಬರೆದದ್ದೂ ದಾಳಿಗಳೆಲ್ಲ ಮುಗಿದ ಮೇಲೆ.

ಮೆಂಫಿಸ್‌ನಲ್ಲಿ ಮಾರ್ಗನ್ ಮತ್ತು ಮಾರ್ಗರೆಟ್ ಕ್ಯಾಮೆರಾಗಳ ಮುಂದೆ ಅಪ್ಪಿಕೊಂಡರು. ದೇಶವೇ ನೋಡಿತು. ಅದೇ ವರ್ಷ ನಿಶ್ಚಿತಾರ್ಥ ಮುರಿದುಬಿತ್ತು. ಇಡೀ ದೇಶದ ಕಣ್ಣು, ಹಗಲೂ ರಾತ್ರಿ ಪ್ರವಾಸ, ಪ್ರಚಾರದ ಒತ್ತಡ. ಅಂಥದ್ದರಲ್ಲಿ ಯಾವ ಪ್ರೀತಿಯಾದರೂ ಬಾಳುವುದು ಕಷ್ಟ. ಮಾರ್ಗನ್ ಬೇರೆ ಮದುವೆಯಾದರು, ಬಿ-29 ಬಾಂಬರ್ ಹಿಡಿದು ಪೆಸಿಫಿಕ್‌ಗೆ ಹೋದರು. ಆ ವಿಮಾನಕ್ಕೆ ಇಟ್ಟ ಹೆಸರು ‘ಡಾಂಟ್‌ಲೆಸ್ ಡಾಟಿ’, ಹೆಂಡತಿ ಡೊರೊಥಿಯ ನೆನಪಿಗೆ. 1944ರ ನವೆಂಬರ್ 24ರಂದು ಟೋಕಿಯೊ ಮೇಲೆ ನಡೆದ ಬಿ-29ಗಳ ಮೊದಲ ದಾಳಿಯ ಮುಂಚೂಣಿಯಲ್ಲಿ ಇದ್ದದ್ದು ಅದೇ ಡಾಟಿ.

ಮಾರ್ಗರೆಟ್‌ಗೆ ಮಾತ್ರ ಮೊದಲಿನ ಹೆಸರಿನಿಂದ ಬಿಡುಗಡೆ ಸಿಗಲಿಲ್ಲ.

350 ಡಾಲರ್

ಯುದ್ಧ ಮುಗಿದ ಕೂಡಲೇ ಬಾಂಬರ್‌ಗಳು ಯಾರಿಗೂ ಬೇಡವಾದವು. ಅರಿಜೋನಾದ ಕಿಂಗ್‌ಮನ್‌ನಂಥ ಮೈದಾನಗಳಲ್ಲಿ ಸಾವಿರಾರು ವಿಮಾನಗಳನ್ನು ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕರಗಿಸಿದರು. ಸ್ಟಾರ್ಸರ್ ಚಿತ್ರ ಬರೆದ ನೈನ್-ಓ-ನೈನ್ 140 ದಾಳಿ ಮುಗಿಸಿದ ವಿಮಾನ. ಅದೂ ಕರಗಿತು. ಹೆಲ್ಸ್ ಏಂಜೆಲ್ಸ್ 1945ರ ಆಗಸ್ಟ್‌ನಲ್ಲೇ ಗುಜರಿ ಸೇರಿತ್ತು. ಆರ್ಕನ್ಸಾದ ವಾಲ್ನಟ್ ರಿಜ್ ಗುಜರಿ ಮೈದಾನದ ಮ್ಯಾನೇಜರ್ ಮೈನೊಟ್ ಪ್ರಾಟ್ ಎಂಬವರಿಗೆ ಮಾತ್ರ ಮನಸ್ಸು ಕೇಳಲಿಲ್ಲ. ಕೆಲವು ವಿಮಾನಗಳ ಮೂತಿಯ ತಗಡನ್ನು ಕೊಡಲಿಯಿಂದ ಕಡಿಸಿ ಎತ್ತಿಟ್ಟರು. ಹಾಗೆ ಉಳಿದ 33 ತಗಡುಗಳು ಇವತ್ತು ಮೂಲ ನೋಸ್ ಆರ್ಟ್‌ನ ದೊಡ್ಡ ಸಂಗ್ರಹ. ಅವುಗಳ ಅಂಚಿನಲ್ಲಿ ಕೊಡಲಿ ಏಟಿನ ಹರಕು ಹಾಗೇ ಇದೆ.

ಬೆಲ್ ಫ್ಲೋರಿಡಾದಲ್ಲಿ ಒಂದಷ್ಟು ದಿನ ತರಬೇತಿಗೆ ಬಳಕೆಯಾಗಿ, ಕೊನೆಗೆ ಓಕ್ಲಹೋಮಾದ ಆಲ್ಟಸ್‌ನಲ್ಲಿ ಗುಜರಿಯ ಸಾಲಿನಲ್ಲಿ ನಿಂತಿತ್ತು. ಅದು ಅಲ್ಲಿದೆ ಎಂಬ ಸುದ್ದಿ ಮೆಂಫಿಸ್‌ಗೆ ಮುಟ್ಟಿತು. ಮೇಯರ್ ವಾಲ್ಟರ್ ಚಾಂಡ್ಲರ್ ನಗರದ ಪರವಾಗಿ 350 ಡಾಲರ್ ಕೊಟ್ಟು ಬಿಡಿಸಿಕೊಂಡರು. 1946ರ ಜುಲೈನಲ್ಲಿ ವಿಮಾನ ಮೆಂಫಿಸ್‌ಗೆ ಹಾರಿ ಬಂತು.

‘ಲಿಟ್ಲ್ ಒನ್’ ಬಗ್ಗೆ ನಾನು ಹೇಳಿದ್ದು ಇದಕ್ಕೇ. ಚಿತ್ರದ ಹುಡುಗಿ ಕ್ಯಾಮೆರಾವನ್ನು ಸೆಳೆದಳು, ನಿಜ. ಆದರೆ ಗುಜರಿಯಿಂದ ಎಳೆದು ತಂದದ್ದು ಪಕ್ಕದಲ್ಲಿದ್ದ ಊರಿನ ಹೆಸರು. ಒಂದು ಊರಿಗೆ ಇದು ನಮ್ಮದು ಅನ್ನಿಸಿತು. ಬೇರೆ ವಿಮಾನಗಳ ಮೇಲೂ ಚೆಂದದ ಚಿತ್ರಗಳಿದ್ದವು. ಅವನ್ನು ಕೇಳಿಕೊಂಡು ಬರಲು ಒಂದು ಊರು ಇರಲಿಲ್ಲ.

ತಂದ ಮೇಲೆ ನೋಡಿಕೊಂಡದ್ದು ಮಾತ್ರ ಅಷ್ಟಕ್ಕಷ್ಟೆ. ದಶಕಗಳ ಕಾಲ ಬೆಲ್ ನ್ಯಾಷನಲ್ ಗಾರ್ಡ್ ಕಟ್ಟಡದ ಹತ್ತಿರ ಬಯಲಲ್ಲಿ ಮಳೆ-ಬಿಸಿಲಿಗೆ ನಿಂತಿತ್ತು. ನೆನಪಿಗೆಂದು ಜನ ಒಳಗಿನ ಉಪಕರಣಗಳನ್ನು ಕಿತ್ತುಕೊಂಡು ಹೋದರು. ಆಮೇಲೆ ಸ್ಥಳೀಯರು ಸಂಘ ಕಟ್ಟಿದರು, ಹಣ ಕೂಡಿಸಿದರು. ಅದರಲ್ಲಿ ಮಾರ್ಗರೆಟ್ ಪೋಕ್ ಕೂಡ ಓಡಾಡಿದರು. ಮುರಿದ ನಿಶ್ಚಿತಾರ್ಥದ ಗುರುತು ಅದು. ಅದನ್ನು ಉಳಿಸಲು ಅವರೇ ನಿಂತರು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಅವರ ಮೇಲೆ. 1987ರ ಮೇ ತಿಂಗಳಲ್ಲಿ, ಮಿಸಿಸಿಪಿ ನದಿಯ ಮಡ್ ಐಲ್ಯಾಂಡ್‌ನಲ್ಲಿ ವಿಮಾನಕ್ಕೆ ಒಂದು ಸೂರು ಸಿಕ್ಕಿತು. ಅದನ್ನು ಕಣ್ಣಾರೆ ಕಂಡು, 1990ರಲ್ಲಿ ಅವರು ತೀರಿಕೊಂಡರು. ಮಾರ್ಗನ್ 2004ರಲ್ಲಿ.

ಆ ಸೂರಿಗೆ ಗೋಡೆ ಇರಲಿಲ್ಲ. ಹಕ್ಕಿಗಳೂ ತೇವವೂ ಒಳಗೆ ಬರುತ್ತಿದ್ದವು. ಕೊನೆಗೆ 2005ರಲ್ಲಿ ವಾಯುಪಡೆ ಬೆಲ್ ಅನ್ನು ಡೇಟನ್‌ಗೆ ಸಾಗಿಸಿತು. ಅಷ್ಟು ವರ್ಷ ಸಾಕಿದ ಮೆಂಫಿಸ್‌ನವರಿಗೆ ಇದು ನೋವಿನ ವಿಷಯ. ಅದು ನ್ಯಾಯವಾದ ನೋವು. ಆದರೆ ವಿಮಾನದ ಒಳಗೆಲ್ಲ ತುಕ್ಕು ಹರಡಿತ್ತು. ಇನ್ನೊಂದಿಷ್ಟು ವರ್ಷ ಹಾಗೇ ಬಿಟ್ಟಿದ್ದರೆ ಉಳಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು. ಸಾಗಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಡೇಟನ್‌ನ ಕೆಲಸ ಹದಿಮೂರು ವರ್ಷ ಹಿಡಿಯಿತು. ಹಳೆಯ ಬಣ್ಣ ಸುಲಿದಾಗ ಅಲ್ಯೂಮಿನಿಯಂ ಮೇಲೆ ಗೀಚಿದ ಹೆಸರುಗಳು ಸಿಕ್ಕವು. 1943ರ ಪ್ರವಾಸದಲ್ಲಿ ವಿಮಾನ ನೋಡಲು ಮುಗಿಬಿದ್ದ ಜನ ತಮ್ಮ ಹೆಸರನ್ನು ಅದರ ಮೈಮೇಲೆ ಕೆತ್ತಿ ಹೋಗಿದ್ದರು. ಬಣ್ಣ, ಗುರುತುಗಳಿಗೆಲ್ಲ ವೈಲರ್ ತಂಡದ ಬಣ್ಣದ ಫಿಲ್ಮ್ ದೊಡ್ಡ ಆಧಾರವಾಯಿತು. 2018ರ ಮೇ 17ರಂದು, ಲೋರಿಯಾಂ ದಾಳಿಗೆ ಸರಿಯಾಗಿ 75 ವರ್ಷ ತುಂಬಿದ ದಿನ, ಬೆಲ್ ಮತ್ತೆ ಜನರ ಮುಂದೆ ನಿಂತಿತು. ಈಗ ಮೂತಿಯ ಮೇಲಿರುವುದು ಸ್ಟಾರ್ಸರ್ ಕೈಯಿಂದ ಬಂದ ಬಣ್ಣವಲ್ಲ. ಅವರು ಬರೆದದ್ದನ್ನು ನೋಡಿ ಮತ್ತೆ ಬರೆದದ್ದು.

ಬೆಂಗಳೂರಿನಲ್ಲಿ ಜೀವ ಪಡೆದ ಬಾಂಬರ್‌ಗಳು

ಇದೇ ಪ್ರಶ್ನೆಯನ್ನು ತಿರುಗಿಸಿ ನೋಡಲು ಒಂದು ಉದಾಹರಣೆ ಇದೆ, ಅದಕ್ಕೆ ಬೆಂಗಳೂರಿನ ನಂಟಿದೆ. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ, ಮತ್ತೆ ಹಾರದಂತೆ ಹಾಳುಗೆಡವಿ ಬಿಟ್ಟುಹೋಯಿತು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್‌ಗಳು ಬೇಕಾಗಿದ್ದವು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಆ ರಾಶಿಯಿಂದ ಒಂದೊಂದನ್ನೇ ಎತ್ತಿ, ಹಾರುವಷ್ಟು ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು ಪೂರ್ತಿ ಹೊಸದು ಮಾಡಿದರು. ಹೀಗೆ ನಲವತ್ತರಷ್ಟು ವಿಮಾನಗಳು ತಯಾರಾದವು. 1948ರಿಂದ 1968ರವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ಸೇವೆ ಮಾಡಿದವು. ಜಗತ್ತಿನಲ್ಲಿ ಇವತ್ತು ಉಳಿದಿರುವ ಲಿಬರೇಟರ್‌ಗಳಲ್ಲಿ ಹಲವು ಇವೇ.

ಅವುಗಳಲ್ಲಿ ಒಂದು, ಹಳೆಯ ವಿಮಾನಗಳನ್ನು ಕಾಪಾಡುವ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಬಳಿ ಇದೆ. 1989ರಲ್ಲಿ ಅದನ್ನು ಮತ್ತೆ ಹಾರುವಂತೆ ಮಾಡಿ ‘ಆಲ್ ಅಮೆರಿಕನ್’ ಎಂಬ ಹೆಸರು ಬರೆದರು. ಆಮೇಲೆ ಅದು ‘ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್’ ಆಯಿತು. ಮೂತಿಯಿಂದ ಬಾಲದವರೆಗೆ ಹಬ್ಬಿದ ಒಂದು ಡ್ರ್ಯಾಗನ್. ಮೂಲ ಚಿತ್ರ ಬರೆದವರು ಸಾರ್ಜೆಂಟ್ ಸಾರ್ಕಿಸ್ ಬಾರ್ಟಿಗಿಯನ್, ಆ ಮೂಲ ವಿಮಾನ ಕಿಂಗ್‌ಮನ್‌ನಲ್ಲಿ ಗುಜರಿಯಾಯಿತು. ಆಮೇಲೆ ಅದೇ ವಿಮಾನ ‘ವಿಚ್‌ಕ್ರಾಫ್ಟ್’ ಆಯಿತು. ಮೂಲ ವಿಚ್‌ಕ್ರಾಫ್ಟ್ ಇಂಗ್ಲೆಂಡಿನಿಂದ 130 ದಾಳಿಗೆ ಹೋಗಿಬಂದ ವಿಮಾನ, ಅದೂ ಉಳಿದಿಲ್ಲ.

ಬೆಲ್‌ನಲ್ಲಿ ಲೋಹ ಬದಲಾಗಿ ಚಿತ್ರ ಉಳಿಯಿತು. ಇಲ್ಲಿ ಲೋಹ ಉಳಿದು ಚಿತ್ರ ಮೂರು ಸಲ ಬದಲಾಯಿತು. ಸತ್ತ ವಿಮಾನಗಳಿಗೆ ಗೌರವ ಸಲ್ಲಿಸುವುದು ಒಳ್ಳೆಯ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಲಿಬರೇಟರ್ ಆ ಮೂರು ವಿಮಾನಗಳಲ್ಲಿ ಯಾವುದೂ ಅಲ್ಲ. ಅದರ ಸ್ವಂತ ಕತೆ ಕಾನ್ಪುರದ ರಾಶಿಯದ್ದು, ಬೆಂಗಳೂರಿನ ಕೆಲಸಗಾರರ ಕೈಯದ್ದು, ಭಾರತದ ಆಕಾಶದಲ್ಲಿ ಹಾರಿದ ವರ್ಷಗಳದ್ದು. ಅದನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಮೊದಲು ಓದುವುದು ಮೂತಿಯನ್ನೇ. ಆ ಮೂತಿಯ ಒಂದು ಮೂಲೆಯಲ್ಲಿ, ಕೈಯಗಲದ ಜಾಗದಲ್ಲಾದರೂ, ಬೆಂಗಳೂರಿನ ಹೆಸರು ಬರೆಯಬೇಕು.